ಸತ್ತ ಗ್ರಾಫಿಕ್ಸ್ ಕಾರ್ಡ್: ಅಳೆಯದೆ ತೀರ್ಪು ಬೇಡ

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರ್ ಪರದೆಗೆ ಚಿತ್ರ ಮೂಡಿಸುವ ಬೋರ್ಡ್) ತಂದು ಕೈಸುಟ್ಟುಕೊಂಡ ಓದುಗರೊಬ್ಬರ ಪತ್ರವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಹಳೇ ಕಾರ್ಡ್ ಕೆಟ್ಟರೆ ಎಸೆದುಬಿಡಿ, ರಿಪೇರಿಗೆ ದುಡ್ಡು ಸುರಿಯಬೇಡಿ ಎನ್ನುವುದು ಅವರ ಸಲಹೆ. ಅವರ ಬೇಸರ ಅರ್ಥವಾಗುತ್ತದೆ, ಸಲಹೆಯನ್ನು ಮಾತ್ರ ಒಪ್ಪಲಾರೆ. ನಾನು ಕಾರವಾರದ ಕೋಡಿಬಾಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಎಸೆಯಿರಿ ಎಂದು ಬೇರೆಯವರು ಕೈಬಿಟ್ಟ ಎಷ್ಟೋ ಕಾರ್ಡ್‌ಗಳು ನನ್ನ ಮೇಜಿನ ಮೇಲೆ ಎದ್ದು ಕೂತಿವೆ. ರಿಪೇರಿ ಆಯ್ತು ಎಂದು ದುಡ್ಡು ಎಣಿಸಿಕೊಂಡು ಕೊಟ್ಟ ಕಾರ್ಡ್‌ಗಳು ತಿಂಗಳೊಳಗೆ ಮತ್ತೆ ಸತ್ತು ಬಂದದ್ದನ್ನೂ ನೋಡಿದ್ದೇನೆ. ಎರಡೂ ಕಡೆ ನಡೆದ ತಪ್ಪು ಒಂದೇ. ಏನು ಹೋಗಿದೆ ಅಂತ ಯಾರೂ ಅಳೆದು ನೋಡಿರಲಿಲ್ಲ.

ಇಂಥ ಕಾರ್ಡ್‌ಗಳು ನಮ್ಮ ಕರಾವಳಿಗೆ ಇಷ್ಟೊಂದು ಬಂದದ್ದಕ್ಕೆ ಕಾರಣವಿದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಹಣದ ಜಾಲ ತನ್ನ ವ್ಯವಸ್ಥೆಯನ್ನೇ ಬದಲಿಸಿತು. ಅದರ ಮೈನಿಂಗ್‌ಗೆ, ಅಂದರೆ ಲೆಕ್ಕ ಬಿಡಿಸಿ ಆ ಹಣ ಗಳಿಸುವುದಕ್ಕೆ, ಹಗಲೂ ರಾತ್ರಿ ಓಡುತ್ತಿದ್ದ ಕಾರ್ಡ್‌ಗಳಿಗೆ ಒಂದೇ ದಿನಕ್ಕೆ ಕೆಲಸ ಇಲ್ಲದಂತಾಯಿತು. ಅವೆಲ್ಲ ಒರೆಸಿ, ತೊಳೆದು, ಮಾರುಕಟ್ಟೆಗೆ ಬಂದವು. ಕೊಂಡವರು ಆಟ ಆಡುವ ಹುಡುಗರಷ್ಟೇ ಅಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವ ಕುಮಟಾ, ಹೊನ್ನಾವರದ ಸ್ಟುಡಿಯೊದವರು, ರಾತ್ರಿಯಿಡೀ ಯಕ್ಷಗಾನ ಶೂಟ್ ಮಾಡಿ ಬೆಳಗ್ಗೆ ಅಪ್‌ಲೋಡ್ ಮಾಡುವವರು, ಇಂಜಿನಿಯರಿಂಗ್ ಓದುವ ಮಕ್ಕಳು. ಹೊಸ ಕಾರ್ಡ್ ಇವರ ಕೈಗೆ ಎಟುಕುವುದಿಲ್ಲ. ಇವರಿಗೆ ಸುಮ್ನೆ ‘ಎಸೆಯಿರಿ’ ಎನ್ನುವುದು ಸರಿಯೇ?

ಅಂಕೋಲಾ ಕಡೆಯ ಒಬ್ಬ ವಿದ್ಯಾರ್ಥಿ 6,500 ರೂಪಾಯಿ ಕೊಟ್ಟು ಆರ್‌ಎಕ್ಸ್ 580 ಎಂಬ ಮಾದರಿಯ ಕಾರ್ಡ್ ತಂದಿದ್ದ. ಕೆಲವು ವಾರ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಸ್ವಿಚ್ ಒತ್ತಿದರೆ ಫ್ಯಾನ್ ಒಮ್ಮೆ ಅಲುಗಿ ನಿಂತುಬಿಡುತ್ತಿತ್ತು. ಕಾರ್ಡ್ ತೆಗೆದರೆ ಕಂಪ್ಯೂಟರ್ ಸರಿ, ಹಾಕಿದರೆ ಬಂದ್. ಒಂದು ಅಂಗಡಿಯಲ್ಲಿ ಮಲ್ಟಿಮೀಟರ್ ಇಟ್ಟು, ‘ಬೀಪ್ ಬರ್ತಿದೆ, ಚಿಪ್ ಶಾರ್ಟ್ ಆಗಿದೆ, ಮುಗೀತು’ ಎಂದರಂತೆ. ಶಾರ್ಟ್ ಅಂದರೆ ಕರೆಂಟ್ ಹೋಗಬಾರದ ಕಡೆ ತಡೆಯಿಲ್ಲದೆ ಹರಿದುಬಿಡುವುದು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇದು ಗೊತ್ತಿಲ್ಲದೆ ಒಳ್ಳೆ ಕಾರ್ಡ್‌ಗಳು ಗುಜರಿಗೆ ಹೋಗುತ್ತಿವೆ. ಗ್ರಾಫಿಕ್ಸ್ ಚಿಪ್‌ನ ಕೋರ್‌ಗೆ, ಅಂದರೆ ಲೆಕ್ಕ ಮಾಡುವ ಮುಖ್ಯ ಭಾಗಕ್ಕೆ, ಹೋಗುವ ಲೈನ್‌ನಲ್ಲಿ ರೆಸಿಸ್ಟೆನ್ಸ್ (ಕರೆಂಟ್‌ಗೆ ಇರುವ ತಡೆ, ಅಳೆಯುವುದು ಓಮ್‌ನಲ್ಲಿ) ಹುಟ್ಟಿನಿಂದಲೇ ತೀರಾ ಕಡಿಮೆ. ದೊಡ್ಡ ಚಿಪ್‌ಗಳಲ್ಲಿ ಒಂದು ಓಮ್‌ಗಿಂತ ಕಡಿಮೆ ಇರುವುದೂ ಸಹಜ. ಆರೋಗ್ಯವಾಗಿರುವ ಕಾರ್ಡ್‌ನಲ್ಲೂ ಅಲ್ಲಿ ಮೀಟರ್ ಬೀಪ್ ಅನ್ನುತ್ತದೆ. ಆ ಸದ್ದು ಕೇಳಿ ಚಿಪ್ ಸತ್ತಿದೆ ಎನ್ನುವಂತಿಲ್ಲ. ಓಮ್ ಎಷ್ಟು ಎಂದು ಓದಬೇಕು, ಅದೇ ಮಾದರಿಯ ಒಳ್ಳೆ ಕಾರ್ಡ್‌ನ ಜೊತೆ ಹೋಲಿಸಬೇಕು.

ನಾನು ನೋಡಿದಾಗ ಕೋರ್ ಸರಿಯಾಗಿಯೇ ಇತ್ತು. ಶಾರ್ಟ್ ಇದ್ದದ್ದು 12 ವೋಲ್ಟ್ ಲೈನ್‌ನಲ್ಲಿ. ಸಾವಿರಾರು ಓಮ್ ತೋರಿಸಬೇಕಾದಲ್ಲಿ ಅರ್ಧ ಓಮ್ ಕೂಡ ಇರಲಿಲ್ಲ. ಹಾಗಾಗಿಯೇ ಪವರ್ ಸಪ್ಲೈ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತಿತ್ತು. ಹೀಟ್‌ಸಿಂಕ್ ಬಿಚ್ಚಿ, ಬೋರ್ಡ್ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ತೆಳ್ಳಗೆ ಸವರಿ, ಬೆಂಚ್ ಸಪ್ಲೈಯಿಂದ (ಬೇಕಾದಷ್ಟೇ ವೋಲ್ಟ್ ಕೊಡುವ ಮೇಜಿನ ಯಂತ್ರ) ಆ ಲೈನ್‌ಗೆ ಒಂದೇ ವೋಲ್ಟ್ ಬಿಟ್ಟೆ. ಇಡೀ ಬೋರ್ಡ್ ಒದ್ದೆಯಾಗಿ ಹೊಳೆಯುತ್ತಿರುವಾಗ, ಪವರ್ ಕೇಬಲ್ ಚುಚ್ಚುವ ಎಂಟು ಪಿನ್ ಸಾಕೆಟ್ ಹತ್ತಿರ ಅಕ್ಕಿಕಾಳಿಗಿಂತ ಚಿಕ್ಕ ಒಂದು ಸೆರಾಮಿಕ್ ಕೆಪಾಸಿಟರ್ ಸುತ್ತ ಮಾತ್ರ ಬೇಗ ಒಣಗಿತು. ಶಾರ್ಟ್ ಆದ ಭಾಗವೇ ಕರೆಂಟ್ ಎಳೆದು ಬಿಸಿಯಾಗುವುದು. ಅದನ್ನು ಕಿತ್ತ ಕೂಡಲೇ ಶಾರ್ಟ್ ಹೋಯಿತು. ಸತ್ತ ಇನ್ನೊಂದು ಬೋರ್ಡ್‌ನಿಂದ ಅದೇ ಬಗೆಯದ್ದು ತೆಗೆದು ಕೂರಿಸಿದೆ. ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಪೇಸ್ಟ್, ಥರ್ಮಲ್ ಪ್ಯಾಡ್ ಬದಲಿಸಿದೆ. ಕಾರ್ಡ್ ಈಗಲೂ ಓಡುತ್ತಿದೆ.

ಎಲ್ಲ ಕಾರ್ಡ್ ಹೀಗೆ ಬದುಕುವುದಿಲ್ಲ. ಕೋರ್‌ಗೆ ವೋಲ್ಟೇಜ್ ಇಳಿಸಿ ಕೊಡುವ, 12 ವೋಲ್ಟ್ ಕಡೆಯ ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಭಾಗ) ಶಾರ್ಟ್ ಆದರೆ, ಒಂದು ವೋಲ್ಟ್ ಆಸುಪಾಸಿನಲ್ಲಿ ಓಡುವ ಚಿಪ್‌ಗೆ ನೇರ 12 ವೋಲ್ಟ್ ನುಗ್ಗುತ್ತದೆ. ಅಂಥದ್ದರಲ್ಲಿ ಬಹುತೇಕ ಚಿಪ್ ಉಳಿದಿರುವುದಿಲ್ಲ, ನಾನು ಬೇಡ ಎಂದೇ ಹೇಳುತ್ತೇನೆ. ಪರದೆ ಮೇಲೆ ಚುಕ್ಕಿ, ಬಣ್ಣದ ಚೌಕ, ಗೀರು ಬಂದರೆ ಹೆಚ್ಚಾಗಿ ಮೆಮೊರಿ ಮೇಲೆ ಅನುಮಾನ. 8 ಜಿಬಿಯ ಆರ್‌ಎಕ್ಸ್ 580ರಲ್ಲಿ ಎಂಟು ಮೆಮೊರಿ ಚಿಪ್ ಇರುತ್ತವೆ. ಯಾವುದು ಕೆಟ್ಟಿದೆ ಎಂದು ಟೆಸ್ಟ್ ಸಾಫ್ಟ್‌ವೇರ್‌ನಿಂದ ಹಿಡಿಯಬಹುದು. ಆದರೆ ಅದನ್ನು ಬದಲಿಸಲು ಬಿಜಿಎ ಮಷಿನ್ (ಅಡಿಯಲ್ಲಿ ಬೆಸುಗೆ ಇರುವ ಚಿಪ್ ಕಿತ್ತು ಕೂರಿಸುವ ಯಂತ್ರ), ನುರಿತ ಕೈ ಎರಡೂ ಬೇಕು. ನಮ್ಮಲ್ಲಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕು. ಹೋಗಿ ಬರುವ ಪಾರ್ಸೆಲ್ ಸೇರಿ ಖರ್ಚು, ಓಡುವ ಅಂಥದ್ದೇ ಹಳೇ ಕಾರ್ಡ್‌ನ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ. 2017ರಲ್ಲಿ ಬಂದ ಮಾದರಿಗೆ ಅದಕ್ಕಿಂತ ಜಾಸ್ತಿ ಹಾಕುವುದು ನ್ಯಾಯವಲ್ಲ.

ಹೀಟ್ ಗನ್ ಹಿಡಿದು, ಓವನ್‌ನಲ್ಲಿಟ್ಟು ‘ರಿಪೇರಿ’ ಮಾಡುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಚಿಪ್ ಒಳಗಿನ ಬಿರುಕು ಬಿಟ್ಟ ಸೂಕ್ಷ್ಮ ಸಂಪರ್ಕ ಬಿಸಿಗೆ ಸ್ವಲ್ಪ ದಿನ ಕೂಡಿಕೊಳ್ಳುತ್ತದೆ, ನಾಲ್ಕು ಸಲ ಬಿಸಿಯಾಗಿ ತಣ್ಣಗಾದರೆ ಮತ್ತೆ ಬಿಡುತ್ತದೆ. 2008ರಲ್ಲಿ ಎನ್‌ವಿಡಿಯಾ ಕಂಪನಿಯೇ ಲ್ಯಾಪ್‌ಟಾಪ್ ಚಿಪ್‌ಗಳ ಇಂಥ ದೋಷಕ್ಕೆ 15ರಿಂದ 20 ಕೋಟಿ ಡಾಲರ್ ಎತ್ತಿಡಬೇಕಾಯಿತು. ಬೇಯಿಸಿದರೆ ವಾಸಿಯಾಗುವ ರೋಗ ಅದಲ್ಲ. ಆ ಸ್ವಲ್ಪ ದಿನದಲ್ಲೇ ಕಾರ್ಡನ್ನು ಇನ್ನೊಬ್ಬರಿಗೆ ದಾಟಿಸುವವರಿದ್ದಾರೆ. ಮೋಸ ಹೋಗುವುದು ಮತ್ತೆ ಅದೇ ವಿದ್ಯಾರ್ಥಿಗಳು.

ಅಂಗಡಿಗೆ ತರುವ ಮೊದಲು ಮನೆಯಲ್ಲೇ ನೋಡಬಹುದಾದದ್ದೂ ಬೇಕಾದಷ್ಟಿದೆ. ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೇ ಚುಚ್ಚಿದೆಯಾ ನೋಡಿ. ಗೆಳೆಯನ ಕಂಪ್ಯೂಟರ್‌ನಲ್ಲಿ ಹಾಕಿ ನೋಡಿ. ಎಂಟು ಪಿನ್ ಕೇಬಲ್ ಇಲ್ಲವೆಂದು ಹಾರ್ಡ್ ಡಿಸ್ಕ್‌ಗೆ ಪವರ್ ಕೊಡುವ ಸಾಟಾ ಕನೆಕ್ಟರ್‌ನಿಂದ ಅಡಾಪ್ಟರ್ ಹಾಕಿದ್ದರೆ ಇವತ್ತೇ ಕಿತ್ತುಹಾಕಿ. ಎಂಟು ಪಿನ್ 150 ವಾಟ್‌ಗೆ ಇರುವುದು, ಸಾಟಾ ಪ್ಲಗ್‌ನ 12 ವೋಲ್ಟ್ ತಾಳಿಕೆ 54 ವಾಟ್ ಮಾತ್ರ. ಅದು ಕರಗಿ ಬೆಂಕಿ ಹತ್ತಬಹುದು. ಮೈನಿಂಗ್‌ಗೆಂದು ಬಯಾಸ್ (ಕಾರ್ಡ್ ಒಳಗೇ ಇರುವ ಮೂಲ ಸಾಫ್ಟ್‌ವೇರ್) ಬದಲಿಸಿದ ಕಾರ್ಡ್‌ನಲ್ಲಿ ಎಷ್ಟೋ ಸಲ ಡ್ರೈವರ್ ಕೂರುವುದಿಲ್ಲ, ಮೂಲ ಬಯಾಸ್ ಹಾಕಿದರೆ ಬೆಸುಗೆ ಇಲ್ಲದೆಯೇ ಸರಿಯಾಗಬಹುದು. ಇನ್ನು ನಮ್ಮ ಉಪ್ಪುಗಾಳಿ. ಕಾಳಿ ನದಿ ಸಮುದ್ರ ಸೇರುವ ಈ ಜಾಗದಲ್ಲಿ ಸ್ಕ್ರೂಗಳೇ ತುಕ್ಕು ಹಿಡಿಯುತ್ತವೆ, ಕಾರ್ಡ್ ಬಿಟ್ಟೀತೇ? ಮಳೆಗಾಲ ಮುಗಿದ ಮೇಲೆ ಬಂದ ಕಾರ್ಡ್‌ಗಳಲ್ಲಿ ಕನೆಕ್ಟರ್ ಸುತ್ತ ಹಸಿರು ಕಿಲುಬು ಮಾಮೂಲು. ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿದ್ದಕ್ಕೇ ಎದ್ದ ಕಾರ್ಡ್‌ಗಳಿವೆ.

ಈಗ ನನ್ನ ಮುಖ್ಯ ಮಾತು. ‘ನೋಡೋದಕ್ಕೂ ದುಡ್ಡಾ?’ ಎಂದು ಗ್ರಾಹಕರು ಕೇಳುತ್ತಾರೆ. ಹೌದು, ನಾನು ತಪಾಸಣೆಗೆ 300 ರೂಪಾಯಿ ತೆಗೆದುಕೊಳ್ಳುತ್ತೇನೆ, ರಿಪೇರಿ ಆದರೂ ಆಗದಿದ್ದರೂ. ನೋಡಲು ದುಡ್ಡು ಸಿಗದ ಅಂಗಡಿಯವನಿಗೆ ಇರುವುದು ಎರಡೇ ದಾರಿ. ಬಿಚ್ಚದೆಯೇ ‘ಹೋಗಿದೆ’ ಎನ್ನುವುದು, ಇಲ್ಲವೇ ಹೋದದ್ದನ್ನೂ ರಿಪೇರಿ ಎಂದು ಬಿಲ್ ಮಾಡುವುದು. ದಯವಿಟ್ಟು ತಪಾಸಣೆಗೆ ದುಡ್ಡು ಕೊಡಿ, ಬದಲಿಗೆ ಬರಹದಲ್ಲಿ ಉತ್ತರ ಕೇಳಿ. ಯಾವ ಲೈನ್‌ನಲ್ಲಿ ಎಷ್ಟು ಓಮ್ ಬಂತು, ಯಾವ ಭಾಗ ಕೆಟ್ಟಿದೆ, ಮಾಡಿಸಿದರೆ ಎಷ್ಟು ದಿನದ ಗ್ಯಾರಂಟಿ. ಬರೆದು ಕೊಡಲು ಒಪ್ಪದವರ ಹತ್ತಿರ ಕಾರ್ಡ್ ಬಿಡಬೇಡಿ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಕಂಪನಿಗಳು ರಿಪೇರಿ ಮಾಹಿತಿ ಇಡುವ ‘ರೈಟ್ ಟು ರಿಪೇರ್’ (ರಿಪೇರಿಯ ಹಕ್ಕು) ಪೋರ್ಟಲ್ ತೆರೆದಿದೆ. ಗ್ರಾಫಿಕ್ಸ್ ಕಾರ್ಡ್‌ಗಳ ಸರ್ಕ್ಯೂಟ್ ನಕ್ಷೆಯನ್ನೂ ಕಂಪನಿಗಳು ಅಲ್ಲಿ ಇಡುವಂತಾಗಬೇಕು. ನಕ್ಷೆ ಇಲ್ಲದೆ ನಾವು ಕತ್ತಲಲ್ಲಿ ತಡಕಾಡುತ್ತಿದ್ದೇವೆ. ನಮ್ಮ ಜಿಲ್ಲೆಯ ಐಟಿಐಗಳಿಗೂ ಒಂದು ಮನವಿ. ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಕಲಿಯುವ ಮಕ್ಕಳ ಕೈಗೆ ಸತ್ತ ಕಾರ್ಡ್‌ಗಳನ್ನು ಕೊಡಿ, ಶಾರ್ಟ್ ಹುಡುಕಲು ಕಲಿಸಿ. ಎದ್ದೇಳದ ಕಾರ್ಡ್‌ಗಳು ನನ್ನ ಅಂಗಡಿಯಲ್ಲಿ ಸಾಕಷ್ಟಿವೆ. ಕೇಳಿದ ಸಂಸ್ಥೆಗೆ ಪುಕ್ಕಟೆಯಾಗಿ ಕೊಡುತ್ತೇನೆ, ಭಾನುವಾರ ಬಂದು ಮಕ್ಕಳ ಜೊತೆ ಕೂತು ತೋರಿಸಿಕೊಡಲೂ ಸಿದ್ಧನಿದ್ದೇನೆ.

ಇತಿ,
ಒಬ್ಬ ಕಂಪ್ಯೂಟರ್ ರಿಪೇರಿಗಾರ
ಕೋಡಿಬಾಗ, ಕಾರವಾರ