ಮಗಳಿಗೊಂದು ಪತ್ರ: ಕಮಾನಿಗೆ ಬೇಡ, ಟೀಚರಮ್ಮನ ಕ್ಲಾಸಿಗೆ ಕೊಡು

ಪುಟ್ಟಿ,

ಹೆಂಗಿದೀಯ. ಇಲ್ಲಿ ಮಳೆ ಇನ್ನೂ ಹಿಡ್ಕೊಂಡೇ ಇದೆ, ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಸ್ಬೇಕು, ಮರ ಹತ್ತೋ ಕೊನೆಗಾರ್ರು ಸಿಕ್ಕಿದ ದಿನ ಮಳೆ, ಮಳೆ ಬಿಟ್ಟ ದಿನ ಕೊನೆಗಾರ್ರಿಲ್ಲ, ಅಪ್ಪಂಗೆ ದಿನಾ ಆಕಾಶಕ್ಕೆ ಬಯ್ಯೋದೇ ಕೆಲ್ಸ. ಫೋನಲ್ಲಿ ನೀನು ಕೇಳಿದ್ದು ಅರ್ಧ ಕೇಳಿಸ್ತು ಅರ್ಧ ಕಟ್ ಆಯ್ತು, ಅದಕ್ಕೆ ಕೂತ್ಕೊಂಡು ಬರೀತಿದೀನಿ, ವಾಟ್ಸಾಪಲ್ಲಿ ಇಷ್ಟುದ್ದ ಟೈಪ್ ಮಾಡಿದ್ರೆ ನೀನು ಓದಲ್ಲ ಅಂತ ಗೊತ್ತು.

ತಿಂಗಳು ತಿಂಗಳು ಸಂಬಳದಲ್ಲಿ ಸ್ವಲ್ಪ ತೆಗೆದಿಟ್ಟು ಒಳ್ಳೆ ಕೆಲ್ಸಕ್ಕೆ ಕೊಡ್ತೀನಿ ಅಂದ್ಯಲ್ಲ, ಖುಷಿ ಆಯ್ತು. ಅನಾಥಾಶ್ರಮಕ್ಕಾ, ಯಾವ್ದಾದ್ರೂ ಆಸ್ಪತ್ರೆಗಾ, ಇಲ್ಲ ನಿಮ್ಮ ಹಳೇ ವಿದ್ಯಾರ್ಥಿಗಳ ಗ್ರೂಪಲ್ಲಿ ನಮ್ಮ ಸ್ಕೂಲಿನ ಎನ್‌ಸಿಸಿ ಮತ್ತೆ ಶುರು ಮಾಡ್ಬೇಕು ಅಂತ ಕಲೆಕ್ಷನ್ ಮಾಡ್ತಿದಾರಲ್ಲ ಅದಕ್ಕಾ ಅಂತ ನಿನ್ನ ಪ್ರಶ್ನೆ. ಮೊದಲು ಟ್ಯಾಕ್ಸ್ ಮಾತು ಮುಗಿಸಿಬಿಡ್ತೀನಿ, ಎಷ್ಟಂದ್ರೂ ಸ್ಕೂಲ್ ಆಫೀಸಲ್ಲಿ ಫೈಲ್ ತಿರುವಿದ ಕೈ. ದಾನ ಕೊಟ್ರೆ ಟ್ಯಾಕ್ಸಲ್ಲಿ 80ಜಿ ವಿನಾಯಿತಿ ಅಂತ ಎಲ್ರೂ ಹೇಳ್ತಾರೆ, ಆದ್ರೆ ನೀನು ಹೊಸ ಟ್ಯಾಕ್ಸ್ ಪದ್ಧತಿಲಿ ಇದ್ರೆ ಅದು ಸಿಗೋದೇ ಇಲ್ಲ, ಹಳೇದ್ರಲ್ಲಿದ್ರೂ 2000 ರೂಪಾಯಿ ಮೇಲೆ ಕ್ಯಾಶ್ ಕೊಟ್ರೆ ಲೆಕ್ಕಕ್ಕಿಲ್ಲ. ನಿಮ್ಮ ಗ್ರೂಪಿನವ್ರದ್ದಂತೂ ರಿಜಿಸ್ಟ್ರೇಷನ್ನೇ ಆಗಿಲ್ಲ. ಹಂಗಾಗಿ ಟ್ಯಾಕ್ಸ್ ಉಳಿಯುತ್ತೆ ಅಂತ ಕೊಡ್ಬೇಡ, ಕೊಡ್ಬೇಕು ಅನ್ಸಿದ್ರೆ ಕೊಡು ಅಷ್ಟೆ.

ಇನ್ನೊಂದು, ದುಡ್ಡಿಲ್ದೆ ಕೊಡೋದೂ ಇದೆ. ನೀನು ಊರಿಗೆ ಬಂದಾಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಬ್ಲಡ್ ಕೊಟ್ಟು ಬಾ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ ಇರುತ್ತಲ್ಲ, ಅದನ್ನ ಐದು ದಿನಕ್ಕಿಂತ ಜಾಸ್ತಿ ಇಟ್ಕೊಳಕ್ಕೆ ಆಗಲ್ಲ, ಕೂಡಿಡೋ ವಸ್ತು ಅಲ್ಲ ಅದು, ಯಾರೋ ಒಬ್ರು ಕೊಡ್ತಾನೇ ಇರ್ಬೇಕು. ಡೆಂಗಿ ಅಂತೂ ಎಲ್ಲಾ ಕಡೆ ಇದ್ದಿದ್ದೇ, ನಮ್ಮ ಕಡೆಗೆ ಮಂಗನ ಕಾಯಿಲೆ ಬೇರೆ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಕಂಡಿದ್ದು ಇವತ್ತಿಗೂ ಬೇಸಿಗೆ ಬಂತು ಅಂದ್ರೆ ಉಣ್ಣಿ ಜೊತೆ ಬರುತ್ತೆ, ಅದ್ರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತೆ. ಹೆಂಗಸ್ರು ನಾಲ್ಕು ತಿಂಗಳಿಗೊಂದ್ಸಲ ಕೊಡಬಹುದು, ತೂಕ 45 ಕೇಜಿ ಇರ್ಬೇಕು, ಅಷ್ಟಾದ್ರೂ ಇದೀಯ ತಾನೆ, ಸರಿಯಾಗಿ ಊಟ ಮಾಡು.

ಈಗ ಎನ್‌ಸಿಸಿ ವಿಷಯ. ಗ್ರೂಪಲ್ಲಿ ಎಂತ ಓಡ್ತಿದೆ ಅಂತ ನಾನೂ ನೋಡ್ದೆ, ಗೇಟಿಗೊಂದು ಕಮಾನು, ಬ್ಯಾಂಡ್ ಸೆಟ್, ಧ್ವಜಸ್ತಂಭಕ್ಕೆ ಗ್ರಾನೈಟು, ಅದ್ರ ಮೇಲೆ ದಾನಿಗಳ ಹೆಸ್ರು. ಎಲ್ಲಾ ಸರಿ, ಆದ್ರೆ ಎನ್‌ಸಿಸಿ ನಿಂತಿದ್ದು ಕಮಾನಿಲ್ಲ ಅಂತ ಅಲ್ವಲ್ಲ ಮಾರಾಯ್ತಿ! ನಿಮ್ಮ ಎನ್‌ಸಿಸಿ ಸರ್ ರಿಟೈರ್ ಆದ್ರು, ಅವರ ಜಾಗಕ್ಕೆ ಹೋಗೋರು ಯಾರೂ ಇರ್ಲಿಲ್ಲ, ಅಷ್ಟೇ ಕಥೆ. ಎನ್‌ಸಿಸಿ ನೋಡ್ಕೊಳೋ ಟೀಚರ್ ಸ್ಕೂಲಿನವ್ರೇ ಆಗಿರ್ಬೇಕು, ಅವ್ರು ಟ್ರೇನಿಂಗ್ ಮುಗಿಸ್ಕೊಂಡು ಬರ್ಬೇಕು, ಗಂಡಸ್ರಾದ್ರೆ ನಾಗಪುರದ ಹತ್ರ ಕಾಂಪ್ಟಿಗೆ, ಹೆಂಗಸ್ರಾದ್ರೆ ಗ್ವಾಲಿಯರ್‌ಗೆ. ಅನುದಾನಿತ ಶಾಲೆ ನಮ್ದು, ಖಾಲಿಯಾದ ಪೋಸ್ಟ್ ತುಂಬೋದು ಯಾವ ಕಾಲಕ್ಕೋ, ಇರೋರಲ್ಲಿ ಅರ್ಧ ಅತಿಥಿ ಶಿಕ್ಷಕರು, ಅವರನ್ನ ಕಳ್ಸಕ್ಕೆ ಬರಲ್ಲ. ಸ್ವಲ್ಪ ದಿನ ಕೇರ್‌ಟೇಕರ್ ಅಂತ ಒಬ್ರ ಹೆಸ್ರು ಹಾಕಿ ದೂಡಿದ್ರು, ಅವ್ರಿಗೆ ಸಾವಧಾನ್ ವಿಶ್ರಾಮ್ ಅಂದ್ರೇನೇ ತಲೆನೋವು. ಪರೇಡು ಎರಡು ವಾರಕ್ಕೊಂದಾಯ್ತು, ಆಮೇಲೆ ಅದೂ ನಿಂತ್ಹೋಯ್ತು. ಈಗ ಮತ್ತೆ ಬೇಕು ಅಂದ್ರೆ ನಮ್ಮ ಕಡೆಯ ಎನ್‌ಸಿಸಿ ಬೆಟಾಲಿಯನ್‌ಗೆ ಅರ್ಜಿ ಹಾಕಿ ಸಾಲಲ್ಲಿ ನಿಲ್ಬೇಕು, ನಮ್ಮಂಗೆ ಕಾಯ್ತಿರೋ ಶಾಲೆಗಳು ಬೇಕಾದಷ್ಟಿದಾವೆ. ಸೆಲ್ಫ್ ಫೈನಾನ್ಸ್ ಅಂತ ಇನ್ನೊಂದು ದಾರಿ ಇದೆ, ಅದ್ರಲ್ಲಿ ಖರ್ಚೆಲ್ಲ ಶಾಲೆದೇ, ದೊಡ್ಡ ಪ್ರೈವೇಟ್ ಸ್ಕೂಲ್‌ನವ್ರಿಗೆ ಅದು ಸರಿ, ನಮ್ಮ ಮ್ಯಾನೇಜ್‌ಮೆಂಟ್ ಸೀಮೆಸುಣ್ಣಕ್ಕೇ ಹಿಂದೆಮುಂದೆ ನೋಡುತ್ತೆ.

ಇಷ್ಟೆಲ್ಲಾ ಯಾಕ್ ಬೇಕು, ಎನ್‌ಸಿಸಿ ಇಲ್ದಿದ್ರೆ ಎಂತ ಮುಳುಗ್ತು ಅಂತ ಸ್ಟಾಫ್ ರೂಮಲ್ಲೇ ಕೇಳೋರಿದಾರೆ. ಕಡ್ಡಾಯ ಮಾಡಿ ಅಂತ ನಾನೂ ಹೇಳಲ್ಲ. ಚೀನಾ ಯುದ್ಧ ಆದ್ಮೇಲೆ 1963ರಿಂದ ಕಾಲೇಜು ಹುಡುಗ್ರಿಗೆ ಕಡ್ಡಾಯ ಮಾಡಿದ್ರು, 1968ರಲ್ಲಿ ಮತ್ತೆ ಇಷ್ಟ ಇದ್ದೋರಿಗೆ ಮಾತ್ರ ಅಂತಾಯ್ತು. ನಿಮ್ಮಜ್ಜ ಆ ಕಡ್ಡಾಯದ ಕಾಲದಲ್ಲಿ ಸಹ್ಯಾದ್ರಿ ಕಾಲೇಜಲ್ಲಿದ್ರು, ಪರೇಡ್ ದಿನ ಜ್ವರ ಬರಿಸ್ಕೊಳೋದು ಹೆಂಗೆ ಅಂತ ಕಲ್ತಿದ್ದೇ ಜಾಸ್ತಿಯಂತೆ. ನಿನ್ನ ವಿಷಯ ಹಂಗಲ್ಲ, ನೀನಾಗೇ ಸೇರಿದ್ದೆ.

ನಿನ್ನ ಖಾಕಿ ನೆನಪಿದ್ಯಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಒಣಗ್ತಾನೇ ಇರ್ಲಿಲ್ಲ, ಶುಕ್ರವಾರ ರಾತ್ರಿ ಬಚ್ಚಲ ಒಲೆ ಮೇಲೆ ತಂತಿ ಕಟ್ಟಿ ಹಾಕ್ತಿದ್ದೆ, ಬೆಳಗ್ಗೆ ಇಸ್ತ್ರಿ ಹಾಕಿದ್ರೆ ಹೊಗೆ ವಾಸನೆ ಇನ್ನೂ ಜೋರು, ನೀನು ಗೊಣಗ್ಕೊಂಡೇ ಬೆಲ್ಟಿನ ಹಿತ್ತಾಳೆಗೆ ಬ್ರಾಸೋ ಹಾಕಿ ನನ್ನ ಹಳೇ ಸೀರೆ ಚೂರಲ್ಲಿ ತಿಕ್ತಿದ್ದೆ, ಉಗುರೆಲ್ಲ ಕರ್ರಗೆ. ಗ್ರೌಂಡ್ ಕೆಸರಾಗಿರ್ತಿತ್ತು ಅಂತ ಡ್ರಿಲ್ಲೆಲ್ಲ ಜಗಲೀಲೇ, ಹೆಂಚಿನ ಮೇಲೆ ಮಳೆ ಸದ್ದಿಗೆ ಕಮಾಂಡೇ ಕೇಳಿಸ್ದೆ ಅರ್ಧ ಸಾಲು ದಾಹಿನೇ ಅರ್ಧ ಸಾಲು ಬಾಯೇ ತಿರುಗೋದು, ಆಫೀಸ್ ಕಿಟಕಿಯಿಂದ ನೋಡಿ ನಮಗೆಲ್ಲ ನಗು. ಬೆಟಾಲಿಯನ್‌ನಿಂದ ಬರ್ತಿದ್ದ ಹವಾಲ್ದಾರ್‌ಗೆ ಕನ್ನಡ ಬರಲ್ಲ, ನಿಮಗೆ ಹಿಂದಿ ಬರಲ್ಲ. ಹೊಳೆಯಾಚೆ ಹಳ್ಳಿಯಿಂದ ಬರ್ತಿದ್ದ ಹುಡುಗಿ ಒಬ್ಳು ಇದ್ಲಲ್ಲ, ಕ್ಲಾಸಲ್ಲಿ ಹೆಸ್ರು ಕೂಗಿದ್ರೂ ತಲೆ ಎತ್ತದವ್ಳು, ಎರಡನೇ ವರ್ಷ ಎನ್‌ಸಿಸಿ ಎ ಸರ್ಟಿಫಿಕೇಟ್ ಪರೀಕ್ಷೆ ಹೊತ್ತಿಗೆ ಅವಳೇ ಮುಂದೆ ನಿಂತು ಇಡೀ ಸ್ಕೂಲಿಗೆ ಕೇಳೋ ಹಾಗೆ ಕಮಾಂಡ್ ಕೊಟ್ಲು. ಸೈನ್ಯಕ್ಕೆ ಹೋಗ್ತಾರೆ, ಕಾಲೇಜಲ್ಲಿ ಸಿಗೋ ಸಿ ಸರ್ಟಿಫಿಕೇಟ್ ಇದ್ರೆ ಆಫೀಸರ್ ಆಗೋಕೆ ರಿಟನ್ ಎಕ್ಸಾಮ್ ಇಲ್ದೆ ಸೈನ್ಯದ ಆಯ್ಕೆ ಮಂಡಳಿ, ಅದೇ ಎಸ್‌ಎಸ್‌ಬಿ, ಇಂಟರ್‌ವ್ಯೂಗೆ ದಾರಿ ಇದೆ, ಅದೆಲ್ಲ ಇರ್ಲಿ. ನನಗೆ ಆ ಹುಡುಗಿ ದನಿ ಸಾಕು.

2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ಬಡಾವಣೆಗಳಿಗೆ ನುಗ್ಗಿದಾಗ ನಿಮ್ಮತ್ತೆ ಮನೆ ಹತ್ರ ಗಂಜಿ ಕೇಂದ್ರ ಮಾಡಿದ್ರಲ್ಲ, ಅಲ್ಲೂ ನೋಡಿದೀನಿ. ಫೋಟೋಗೆ ಬಂದೋರು ಬಿಸ್ಕೆಟ್ ಪ್ಯಾಕೆಟ್ ಹಿಡ್ಕೊಂಡು ನಿಂತಿದ್ರೆ, ಹಳೇ ಎನ್‌ಸಿಸಿ ಕೆಡೆಟ್ ಹುಡುಗ್ರು ನಾಕು ಜನ ಬಂದು ಯಾರೂ ಹೇಳ್ದೇನೆ ಸಾಲು ಮಾಡಿ ಅಕ್ಕಿ ಮೂಟೆ ಕೈಯಿಂದ ಕೈಗೆ ದಾಟಿಸಿ ಒಳಗೆ ಹಾಕಿಬಿಟ್ರು. ದಾನ ಬರೋದು ಕಷ್ಟ ಅಲ್ಲ ಪುಟ್ಟಿ, ಬಂದಿದ್ದನ್ನ ಇಳಿಸ್ಕೊಳೋರು ಬೇಕು.

ಈಗ ಕೆಲ್ಸದ ಮಾತು. ನಮ್ಮ ಮ್ಯಾಥ್ಸ್ ಟೀಚರಮ್ಮ ಒಬ್ರು, ಪರ್ಮನೆಂಟ್ ಪೋಸ್ಟು, ಕಾಲೇಜಲ್ಲಿ ತಾವೂ ಕೆಡೆಟ್ ಆಗಿದ್ದೋರು, ಹೋಗ್ತೀನಿ ಅಂತ ರೆಡಿ ಇದಾರೆ. ಮನೇಲಿ ಅತ್ತೆನೂ ಹೂಂ ಅಂದಿದಾರಂತೆ, ಮಗುನ ನೋಡ್ಕೋತೀನಿ ಅಂತ, ಅದು ಸಣ್ಣ ಮಾತಲ್ಲ. ಅವ್ರಿಗೆ ಆನ್ ಡ್ಯೂಟಿ ಸಿಗುತ್ತೆ, ಸಂಬಳಕ್ಕೇನೂ ತೊಂದ್ರೆ ಇಲ್ಲ. ಅಡ್ಡ ಬಂದಿರೋದು ಎಸ್ಸೆಸ್ಸೆಲ್ಸಿ ಮ್ಯಾಥ್ಸು. ಅವ್ರು ಗ್ವಾಲಿಯರ್‌ಗೆ ಹೋದ್ರೆ ಅಷ್ಟು ದಿನ ಹತ್ತನೇ ಕ್ಲಾಸಿಗೆ ಪಾಠ ಮಾಡೋರು ಯಾರು, ರಿಸಲ್ಟ್ ಬಿದ್ರೆ ಯಾರು ಉತ್ತರ ಕೊಡ್ತಾರೆ ಅಂತ ಹೆಡ್‌ಮಾಸ್ಟ್ರು ಫೈಲಿಗೆ ಸೈನ್ ಹಾಕ್ತಿಲ್ಲ. ಅವ್ರದ್ದೂ ತಪ್ಪಲ್ಲ ಬಿಡು.

ಹಂಗಾಗಿ ನಿನ್ನ ದುಡ್ಡು ಅಲ್ಲಿಗೆ ಕೊಡು. ಅವ್ರು ಟ್ರೇನಿಂಗಲ್ಲಿ ಇರೋವಷ್ಟು ದಿನ ಬದಲಿಗೆ ಒಬ್ರು ಬಿಎಡ್ ಆದೋರನ್ನ ಇಟ್ಕೊಂಡು ಅವ್ರ ಸಂಬಳ ನೀವು ಕೊಟ್ರಾಯ್ತು, ನೀನೊಬ್ಳಿಗೆ ಭಾರ ಆದ್ರೆ ಗ್ರೂಪಲ್ಲಿ ಮೂರ್ನಾಲ್ಕು ಜನ ಸೇರ್ಕೊಳಿ. ಅದಾದ್ಮೇಲೂ ಉಳಿದ್ರೆ ಪರೇಡ್ ದಿನದ ತಿಂಡಿಗೆ ಇಡಿ, ಸರ್ಕಾರದ ರಿಫ್ರೆಶ್‌ಮೆಂಟ್ ದುಡ್ಡು ಬರುತ್ತೆ ಆದ್ರೆ ಬರೋ ಹೊತ್ತಿಗೆ ವರ್ಷ ಮುಗಿದಿರುತ್ತೆ, ಅಲ್ಲಿವರೆಗೆ ಹೋಟ್ಲು ಭಟ್ರ ಹತ್ರ ಇಡ್ಲಿ ಸಾಲ ಬರೆಸಿ ಬರೆಸಿ ನನಗೇ ಅವರ ಮುಖ ನೋಡೋಕೆ ನಾಚಿಕೆ ಆಗ್ತಿತ್ತು. ದೂರದ ಹಳ್ಳಿ ಮಕ್ಕಳಿಗೆ ಪರೇಡ್ ಮುಗಿಯೋ ಹೊತ್ತಿಗೆ ಬಸ್ ಹೋಗಿರುತ್ತೆ, ಆಟೋಗೆ ಅಂತಾನೂ ಸ್ವಲ್ಪ ಬೇಕು. ಇದ್ಯಾವ್ದಕ್ಕೂ ಕಲ್ಲಲ್ಲಿ ಹೆಸ್ರು ಕೆತ್ತಿಸಕ್ಕೆ ಆಗಲ್ಲ, ಅದಕ್ಕೆ ಗ್ರೂಪಲ್ಲಿ ಯಾರೂ ಎತ್ತಲ್ಲ.

ಮುಂದಿನ ಭಾನುವಾರ ಅವ್ರದ್ದು ಆನ್‌ಲೈನ್ ಮೀಟಿಂಗ್ ಇದೆಯಂತೆ, ನೀನು ಇದನ್ನ ಹೇಳು. ನಾನು ಹೇಳಿದ್ರೆ ಮೇಡಂ ಯಾವಾಗ್ಲೂ ಆಫೀಸ್ ಲೆಕ್ಕನೇ ಅಂತ ನಗ್ತಾರೆ. ಕಮಾನಿಗೆ ಆಗ್ಲೇ ಕೊಟೇಶನ್ ತರಿಸಿದಾರಂತೆ, ಅಡ್ವಾನ್ಸ್ ಕೊಡೋಕ್ ಮುಂಚೆ ಮಾತಾಡು. ದುಡ್ಡು ಯಾರ ಪರ್ಸನಲ್ ಅಕೌಂಟಿಗೂ ಹಾಕ್ಬೇಡ, ನಂದೂ ಸೇರಿ, ಸ್ಕೂಲ್ ಅಕೌಂಟಿಗೇ ಹಾಕಿ ರಸೀದಿ ಕೇಳು.

ಟೀಚರಮ್ಮನ ನಂಬರ್ ಅವ್ರನ್ನ ಕೇಳಿ ಕಳಿಸ್ತೀನಿ. ಅಪ್ಪ ಕೂಗ್ತಿದಾರೆ, ಕೊನೆಗಾರ್ರು ಬಂದ್ರು ಅಂತ ಕಾಣುತ್ತೆ, ಕಾಫಿ ಮಾಡ್ಬೇಕು.

ಅಮ್ಮ