ಬೊಂಬೆ ಮಳಿಗೆಗೆ ನೆರಳು, ಲೇತ್‌ಗೆ ವಿದ್ಯುತ್ ಬೇಕು

ಮಾನ್ಯರೇ,

ಮೇಳಗಳಲ್ಲಿ ಚನ್ನಪಟ್ಟಣದ ಬೊಂಬೆ ಮಳಿಗೆಗಳನ್ನು ಪಶ್ಚಿಮಕ್ಕೆ ಮುಖ ಮಾಡಿ ಹಾಕಬಾರದು. ಬೊಂಬೆಯ ಹೊಳಪು ಅರಗಿನದು. ಸುಡುಬಿಸಿಲಿಗೆ ಅದು ಮೆದುವಾಗಿ ಒಂದಕ್ಕೊಂದು ಅಂಟುತ್ತದೆ. ಅರಿಸಿನದ ಹಳದಿಯಂತೂ ಬೇಗ ಮಾಸುತ್ತದೆ. ಮುಂದೆ 3 ಅಡಿ ಚಾಚಿದ ಬಟ್ಟೆಯ ಚಪ್ಪರ ಸಾಕು. ಬೆಲೆಚೀಟಿಯನ್ನು ಅಂಟಿಸದೆ ದಾರದಲ್ಲಿ ಕಟ್ಟಬೇಕು, ಇಲ್ಲವಾದರೆ ಕೀಳುವಾಗ ಮೆರುಗೂ ಏಳುತ್ತದೆ.

ಇದಕ್ಕಿಂತ ಮುಖ್ಯವಾಗಿ, ಮಳಿಗೆಯಲ್ಲೇ ಚಿಕ್ಕ ಲೇತ್ (ಮರದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ತಿರುಗಲಿ. ಬೊಂಬೆಗೆ ಬಳಸುವ ಆಲೆಮರದ ತಿರುಗುವ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ತಾಳೆ ಎಲೆಯಿಂದ ತೀಡಿದಾಗ ಹೊಳಪು ಬರುತ್ತದೆ. ಅದನ್ನು ಕಣ್ಣಾರೆ ಕಂಡವರು ಚೌಕಾಸಿಗೆ ಇಳಿಯುವುದು ಕಡಿಮೆ, ಪ್ಲಾಸ್ಟಿಕ್ ಆಟಿಕೆಯ ಬೆಲೆಯೊಂದಿಗೆ ಹೋಲಿಸುವುದೂ ಕಡಿಮೆ. ಲೇತ್‌ಗೆ ಬೇಕಾದ ವಿದ್ಯುತ್ತನ್ನು ಮಳಿಗೆ ಬಾಡಿಗೆಯಲ್ಲೇ ಸೇರಿಸಿ ಕೊಡಬೇಕೆಂದು ಮೇಳದ ಸಂಘಟಕರನ್ನು ಕೋರುತ್ತೇವೆ.

– ಬೊಂಬೆ ಮಾರಾಟಗಾರರು, ಚನ್ನಪಟ್ಟಣ