ನಾಯಿಗೂ ಬರುತ್ತದೆ ಇಲಿ ಜ್ವರ

ಮಾನ್ಯರೇ,

ಮಳೆಗಾಲದಲ್ಲಿ ಇಲಿ ಜ್ವರದ ಎಚ್ಚರಿಕೆ ಪತ್ರಿಕೆಗಳಲ್ಲಿ ಬರುತ್ತದೆ, ಆದರೆ ಸಾಕುನಾಯಿಗೂ ಅದು ತಗಲುತ್ತದೆ ಎಂದು ಯಾರೂ ಹೇಳುವುದಿಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ಈ ರೋಗ ಹರಡುತ್ತದೆ. ನಮ್ಮ ಕಡೆಯ ನಾಯಿಗಳೋ, ತೋಟದ ತೋಡಿನಲ್ಲಿ ಹೊರಳಾಡಿ ಬಂದು, ಅಂಗಳದ ಮೂಲೆಯಲ್ಲಿ ಬಿದ್ದ ಕರಟದ ನೀರನ್ನೇ ನೆಕ್ಕುತ್ತವೆ. ನಾಯಿ ಊಟ ಬಿಟ್ಟು, ವಾಂತಿ ಮಾಡಿ, ಕಣ್ಣು ಹಳದಿಯಾದರೆ 'ಏನೋ ತಿಂದಿರಬೇಕು' ಎಂದು ಸುಮ್ನೆ ಕಾಯಬಾರದು. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಅದರ ಮೂತ್ರದಿಂದ ಮನೆಯವರಿಗೂ ಜ್ವರ ಬರಬಹುದು. ಮಕ್ಕಳಿರುವ ಮನೆಯಲ್ಲಿ ಜಾಸ್ತಿ ಜಾಗ್ರತೆ ಬೇಕಲ್ವಾ?

ಇದಕ್ಕೆ ಲಸಿಕೆ ಇದೆ, ಪ್ರತಿ ವರ್ಷ ಹಾಕಿಸಬೇಕು. ಪಶುಪಾಲನಾ ಇಲಾಖೆಯವರು ರೇಬೀಸ್ ಲಸಿಕೆಯ ಜೊತೆಗೆ ಇದನ್ನೂ ಮೇ ತಿಂಗಳೊಳಗೆ ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಶಿಬಿರ ಮಾಡಿ ಹಾಕಲಿ.

– ಓರ್ವ ಓದುಗ, ಉಡುಪಿ